ಹಳೆ ಮಾಸ್ಟ್ರುಗಳ ಶಾಲಾ ಹಾಲ್‌ಗೆ ಮಾಡು (ಛಾವಣಿ) ಹಾಕಿಸೋಣ: ದೇಣಿಗೆ ಮನವಿ

ಪ್ರೀತಿಯ ಹಳೆ ವಿದ್ಯಾರ್ಥಿಗಳೇ, ಹಿತೈಷಿಗಳೇ,

ನಮ್ಮ ಶಾಲೆಯ ದೊಡ್ಡ ಹಾಲ್ ನಿಮಗೆಲ್ಲ ಗೊತ್ತು. ಪ್ರಾರ್ಥನೆ, ಬಹುಮಾನ ವಿತರಣೆ, ವಾರ್ಷಿಕೋತ್ಸವದ ನಾಟಕ ಎಲ್ಲ ಅಲ್ಲೇ ಅಲ್ವಾ? ಕಳೆದ ಆಟಿ ತಿಂಗಳ (ಜುಲೈ-ಆಗಸ್ಟ್) ಮಳೆಗೆ ಅದರ ಮಾಡಿನ ಒಂದು ಬದಿ ಕುಸಿಯಿತು. ರಾತ್ರಿ ಹೊತ್ತಾದ್ದರಿಂದ ಮಕ್ಕಳಿಗೆ ಏನೂ ಆಗಲಿಲ್ಲ, ದೇವರ ದಯೆ. ಆದರೆ ಗೋಡೆಯಲ್ಲಿದ್ದ ಮೊದಲ ಹೆಡ್‌ಮಾಸ್ಟ್ರುಗಳ, ಮಾಸ್ಟ್ರುಗಳ ಫೋಟೋಗಳೆಲ್ಲ ನೆನೆದವು. ಕೆಲವರ ಮುಖವೇ ಉಳಿದಿಲ್ಲ.

ನಮ್ಮ ಶಾಲೆಯನ್ನು ನಡೆಸಿದ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಕಥೆಯನ್ನು ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಆದರೂ ಹೇಳದೆ ಇರಲು ಮನಸ್ಸು ಬರುವುದಿಲ್ಲ. 1834ರಲ್ಲಿ ಅದರ ಮಿಶನರಿಗಳಾದ ಹೆಬಿಕ್, ಲೇನರ್, ಗ್ರೈನರ್ ನಮ್ಮ ಮಂಗಳೂರಿಗೆ ಬಂದರು. 1836ರಲ್ಲಿ ಮೋಗ್ಲಿಂಗ್ ಬಂದರು. ಬಲ್ಮಠದ ಗುಡ್ಡೆಯಲ್ಲಿ ಹುಡುಗರ ಜೊತೆಗೇ ಇದ್ದು ಪಾಠ ಹೇಳಿದವರು ಅವರು. ಕನ್ನಡದ ಮೊದಲ ಪತ್ರಿಕೆಯನ್ನು 1843ರಲ್ಲಿ ಇದೇ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ತಂದವರೂ ಅವರೇ. ಕಿಟ್ಟೆಲರ ನಿಘಂಟು 1894ರಲ್ಲಿ ಅಚ್ಚಾದದ್ದೂ ಇಲ್ಲೇ.

ನಮಗೆ ಇನ್ನೂ ಹತ್ತಿರದವರು ಈ ಮಿಶನರಿಗಳ ಕೈಯಲ್ಲಿ ಕಲಿತು ಮಾಸ್ಟ್ರಾದ ನಮ್ಮ ಊರಿನವರೇ. ಮನೆಯಲ್ಲಿ ತುಳು, ಕ್ಲಾಸಿನಲ್ಲಿ ಕನ್ನಡ. ಸಂಬಳ ತೀರಾ ಕಡಿಮೆ. 1914ರ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರಕಾರ ಜರ್ಮನ್ ಮಿಶನರಿಗಳನ್ನು ಬಂಧನದಲ್ಲಿಟ್ಟಿತು. ಆಗ ಶಾಲೆಯ ಬಾಗಿಲು ಮುಚ್ಚದಂತೆ ನೋಡಿಕೊಂಡವರು ಈ ಮಾಸ್ಟ್ರುಗಳು. ಅವರ ಹೆಸರು ಯಾವ ದೊಡ್ಡ ಪುಸ್ತಕದಲ್ಲೂ ಸಿಗುವುದಿಲ್ಲ. ನಮ್ಮ ಗೋಡೆಯಲ್ಲಿ ಮಾತ್ರ ಇತ್ತು.

ಅವರ ಕ್ಲಾಸಿನಲ್ಲಿ ಹಂಚಿನ ಕಾರ್ಖಾನೆಯ ಕೆಲಸಗಾರರ ಮಕ್ಕಳಿದ್ದರು. ಇವತ್ತು ಬಾಗಲಕೋಟೆ, ಕೊಪ್ಪಳದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಮಕ್ಕಳು, ಬೀಡಿ ಕಟ್ಟುವ ಅಮ್ಮಂದಿರ ಮಕ್ಕಳು ಇದ್ದಾರೆ. ತಗಡಿನ ಶೆಡ್ಡಿನಿಂದ ಒದ್ದೆ ಯೂನಿಫಾರ್ಮಿನಲ್ಲೇ ಬರುತ್ತಾರೆ. ಹಾಲ್ ಇಲ್ಲದೆ ಬಿಸಿಯೂಟಕ್ಕೆ ಜಗಲಿಯಲ್ಲಿ ಕೂರುತ್ತಾರೆ. ಗಾಳಿಮಳೆ ಬಂದರೆ ಬಟ್ಟಲಿಗೇ ನೀರು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಮಾಡಿನ ಹಂಚು ಹೊರುವ ಮರದ ಪಕ್ಕಾಸು, ರೀಪಿಗೆಲ್ಲ ಗೆದ್ದಲು ಹಿಡಿದಿದೆ. ಮರದ್ದೇ ಹಾಕಿಸಿದರೆ ಅಂದಾಜು 14 ಲಕ್ಷ ಬೇಕು. ಕಬ್ಬಿಣದ ಪೈಪಾದರೆ 10 ಲಕ್ಷದ ಒಳಗೆ ಮುಗಿಯಬಹುದು ಎಂದು ಮೇಸ್ತ್ರಿ ಹೇಳಿದ್ದಾರೆ. ಫೋಟೋ ಸರಿಮಾಡಿಸಲು, ಹೆಸರಿನ ಫಲಕಕ್ಕೆ ಇನ್ನೊಂದು ಲಕ್ಷ. ನಮ್ಮ ಕೈಯಲ್ಲಿರುವುದು ಅರ್ಧಕ್ಕಿಂತ ಕಡಿಮೆ. ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಯ ಒಳಗೆ ಮಾಡು ಆಗದಿದ್ದರೆ ಈ ಮಳೆಗೆ ಮುರಕಲ್ಲಿನ ಗೋಡೆಯೂ ನಿಲ್ಲುವುದಿಲ್ಲ.

ನೂರು ರೂಪಾಯಿ ಆದರೂ ಸರಿ, ಶಾಲೆಯ ಆಫೀಸಿನಲ್ಲಿ ಕೊಟ್ಟು ರಶೀದಿ ತೆಗೆದುಕೊಳ್ಳಿ. ನಿಮ್ಮ ಅಜ್ಜನೋ ಅಜ್ಜಿಯೋ ಇಲ್ಲಿ ಪಾಠ ಮಾಡಿದ್ದರೆ ಅವರ ಒಂದು ಫೋಟೋ ಕೊಡಿ, ಪ್ರತಿ ಮಾಡಿಸಿ ವಾಪಸು ಕೊಡುತ್ತೇವೆ. ಇನ್ನೊಂದು ಮಾತು. 1865ರಲ್ಲಿ ಜೆಪ್ಪುವಿನಲ್ಲಿ ಮಿಶನ್ ಶುರುಮಾಡಿದ ಕಾರ್ಖಾನೆಯ ಹಂಚಿನಂಥ ಗಟ್ಟಿ ಹಂಚು ಈಗ ಸಿಗುವುದು ಕಷ್ಟ. ಹಳೆ ಮನೆ ಒಡೆಸುವವರು ದಯವಿಟ್ಟು ತಿಳಿಸಿ. ಲಾರಿ ನಾವೇ ಕಳಿಸುತ್ತೇವೆ.

ಇತಿ,
ಶಾಲಾ ಆಡಳಿತ ಮಂಡಳಿ, ಮಂಗಳೂರು