ಒಂದು ಅಕ್ಷರದ ಭಯ

ಚಿತ್ರದುರ್ಗ

ಚಿರಂಜೀವಿ ಮಗಳಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು. ಉಭಯ ಕುಶಲೋಪರಿ.

ಮನೆಯ ವಿಷಯಗಳನ್ನೆಲ್ಲ ನಿನ್ನ ತಂದೆ ಫೋನಿನಲ್ಲಿ ಹೇಳಿರುತ್ತಾನಾದ್ದರಿಂದ ಅವನ್ನು ಇಲ್ಲಿ ಬರೆಯುವುದಿಲ್ಲ. ನಿನ್ನ ಪತ್ರದಲ್ಲಿ ಬೇರೆಲ್ಲ ಸುದ್ದಿ ಮುಗಿದ ಮೇಲೆ ಕೊನೆಗೆ ಸೇರಿಸಿದ್ದ ಆ ಮೂರ್ನಾಲ್ಕು ಸಾಲುಗಳೇ ನನ್ನನ್ನು ಬರೆಯಲು ಕೂರಿಸಿವೆ. ಪ್ರಯೋಗಾಲಯದ ಡಿಎನ್‌ಎ ವಿನ್ಯಾಸಗಳನ್ನೆಲ್ಲ ಸಿನ್‌ಬಯೋಹಬ್ ಎಂಬ ಆನ್‌ಲೈನ್ ಭಂಡಾರಕ್ಕೆ ಅಪ್‌ಲೋಡ್ ಮಾಡಿ ಜೋಡಿಸುವ ಹೊಣೆ ನಿನಗೆ ಬಂದಿದೆ, ಕಡತಗಳು ಅಲ್ಲಿ ಖಾಸಗಿಯಾಗಿಯೇ ಉಳಿದಿವೆ, ಸಾರ್ವಜನಿಕಗೊಳಿಸಬೇಕೆಂದಾಗಲೆಲ್ಲ ಕೈ ಹಿಂಜರಿಯುತ್ತದೆ ಎಂದು ಬರೆದಿದ್ದೀಯ. ಡಿಎನ್‌ಎಯ ಸಾವಿರಾರು ಅಕ್ಷರಗಳ ನಡುವೆ ಒಂದೇ ಒಂದು ತಪ್ಪಾಗಿದ್ದು, ಅದನ್ನು ನಂಬಿದ ಯಾರೋ ಎಲ್ಲೋ ತಮ್ಮ ಬಾವಿಯ ನೀರು ಕುಡಿಯಲು ಯೋಗ್ಯವೆಂದು ತಿಳಿದುಬಿಟ್ಟರೆ ಏನು ಗತಿ ಎಂದು ಕೇಳಿದ್ದೀಯ.

ಈ ಭಯವನ್ನು ಹಗುರವಾಗಿ ತೆಗೆದುಕೊಳ್ಳಲು ನನ್ನಿಂದ ಆಗದು. ನೀನು ಕಟ್ಟಿರುವುದು ನೀರಿನಲ್ಲಿ ಫ್ಲೋರೈಡ್ ಇದ್ದರೆ ಬ್ಯಾಕ್ಟೀರಿಯಾ ಹೊಳೆಯುವಂತೆ ಮಾಡಿ ಅದನ್ನು ಗುರುತಿಸುವ ವಿನ್ಯಾಸ. ಫ್ಲೋರೈಡ್ ಎಂಬುದು ನಮ್ಮ ಸೀಮೆಯವರಿಗೆ ಬರಿಯ ಪುಸ್ತಕದ ಮಾತಲ್ಲ. ಬೀಜ ಸಂಗ್ರಹಕ್ಕೆಂದು ಜಗಳೂರು, ಮೊಳಕಾಲ್ಮುರು ಕಡೆಯ ಹಳ್ಳಿಗಳಲ್ಲಿ ತಿರುಗುತ್ತಿದ್ದ ಕಾಲದಲ್ಲಿ, ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದ ಮಕ್ಕಳನ್ನು ನಾನು ನೋಡಿದ್ದೇನೆ. ಅವರ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಬಣ್ಣದಿಂದಲೂ ವಾಸನೆಯಿಂದಲೂ ತಿಳಿಯದ ಆ ದೋಷ ಬಂಡೆಯಿಂದ ನೀರಿಗೆ, ನೀರಿನಿಂದ ಎಲುಬಿಗೆ ಇಳಿಯುತ್ತದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂ ತನಕ ಸಹಿಸಬಹುದು ಎನ್ನುತ್ತದೆ ಭಾರತೀಯ ಮಾನಕ. ಅಷ್ಟು ಸಣ್ಣ ಅಂತರದಲ್ಲಿ ಒಂದು ಮಗುವಿನ ಹಲ್ಲಿನ ಹಣೆಬರಹ ಇರುವಾಗ, ತಪ್ಪಿನ ಬಗ್ಗೆ ನಿನಗೆ ಭಯವೇ ಇಲ್ಲದಿದ್ದರೆ ನಾನು ಇನ್ನೂ ಹೆಚ್ಚು ಚಿಂತಿಸುತ್ತಿದ್ದೆ.

ಆದರೆ ಭಯದ ಕಾರಣಕ್ಕೆ ಕಡತಗಳನ್ನು ಮುಚ್ಚಿಡುವುದು ಸರಿಯೆಂದು ನನಗೆ ತೋರುವುದಿಲ್ಲ. ಫ್ರೆಡರಿಕ್ ಸ್ಯಾಂಗರ್ ಅವರ ತಂಡ 1977ರಲ್ಲಿ ಫೈ-ಎಕ್ಸ್ 174 ಎಂಬ ವೈರಸ್ಸಿನ ಇಡೀ ಡಿಎನ್‌ಎಯನ್ನು ಓದಿ ಪ್ರಕಟಿಸಿದಾಗ ಅದರ ಉದ್ದ ಸುಮಾರು 5,375 ಅಕ್ಷರಗಳೆಂದು ಬರೆದಿತ್ತು. ಮರುವರ್ಷ ಅದೇ ತಂಡ ಅದನ್ನು 5,386 ಎಂದು ತಿದ್ದಿತು. ಡಿಎನ್‌ಎ ಓದುವ ವಿಧಾನಕ್ಕಾಗಿ 1980ರಲ್ಲಿ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಪಡೆದ ಮಹಾನುಭಾವರ ಬರವಣಿಗೆಯಲ್ಲೂ ಅಕ್ಷರಗಳು ಬಿಟ್ಟುಹೋಗಿದ್ದವು. ನಿಮ್ಮ ಪ್ರಯೋಗಾಲಯಗಳಲ್ಲಿ ಎಲ್ಲರೂ ಬಳಸಿದ ಪಿಬಿಆರ್ 322 ಎಂಬ ಪ್ಲಾಸ್ಮಿಡ್ಡೂ (ಬ್ಯಾಕ್ಟೀರಿಯಾದೊಳಗಿನ ಉಂಗುರದಂಥ ಪುಟ್ಟ ಡಿಎನ್‌ಎ) ಹಾಗೆಯೇ: 1979ರಲ್ಲಿ 4,362 ಅಕ್ಷರಗಳೆಂದು ಪ್ರಕಟವಾದದ್ದು ಇಂದು 4,361 ಎಂದಾಗಿದೆ. ಆ ಸೀಕ್ವೆನ್ಸ್, ಅಂದರೆ ಅಕ್ಷರಗಳ ಸಾಲು, ಎಲ್ಲರ ಕೈಗೆ ಸಿಕ್ಕಿದ್ದರಿಂದಲೇ ಬೇರೆಯವರು ಮತ್ತೆ ಓದಿ ನೋಡಿದರು, ಹೊಂದದಿದ್ದಲ್ಲಿ ಪ್ರಶ್ನೆ ಎತ್ತಿದರು. ಅದು ಯಾರದೋ ಮೇಜಿನ ಖಾನೆಯಲ್ಲಿ ಉಳಿದಿದ್ದರೆ ತಪ್ಪು ತಪ್ಪಾಗಿಯೇ ಉಳಿಯುತ್ತಿತ್ತು.

ಫ್ಲೋರೈಡ್ ಕಂಡಾಗ ಜೀನನ್ನು ಚಾಲೂ ಮಾಡಲು ನೀನು ಬಳಸಿರುವ ಸ್ವಿಚ್ ಎಲ್ಲಿಂದ ಬಂತೆಂದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅನೇಕ ಬ್ಯಾಕ್ಟೀರಿಯಾಗಳ ಜೀನೋಮ್‌ಗಳನ್ನು, ಅಂದರೆ ಅವುಗಳ ಇಡೀ ಡಿಎನ್‌ಎ ಪಾಠವನ್ನು, ಜನ ಸಾರ್ವಜನಿಕ ಭಂಡಾರಗಳಲ್ಲಿ ಇಟ್ಟಿದ್ದರು. ಅವನ್ನು ಕಂಪ್ಯೂಟರಿನಲ್ಲಿ ಹೋಲಿಸಿ ನೋಡಿದವರಿಗೆ ಮತ್ತೆ ಮತ್ತೆ ಕಾಣಿಸಿಕೊಳ್ಳುವ ಒಂದು ಆರ್‌ಎನ್‌ಎ ವಿನ್ಯಾಸ ಕಣ್ಣಿಗೆ ಬಿತ್ತು. ಅದು ಫ್ಲೋರೈಡಿಗೆ ಸ್ಪಂದಿಸುತ್ತದೆಂದು ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡ 2012ರಲ್ಲಿ ತೋರಿಸಿತು. ಆ ಜೀನೋಮ್‌ಗಳನ್ನು ಇಟ್ಟವರಲ್ಲಿ ಯಾರೂ ಫ್ಲೋರೈಡನ್ನು ಹುಡುಕುತ್ತಿರಲಿಲ್ಲ. ಅವರೂ ನಿನ್ನಂತೆಯೇ, ಎಲ್ಲ ಅಕ್ಷರವೂ ಸರಿಯಿದೆಯೆಂದು ಖಾತ್ರಿಯಾಗುವ ತನಕ ಕೊಡುವುದಿಲ್ಲವೆಂದು ಕೂತಿದ್ದರೆ ನಿನ್ನ ವಿನ್ಯಾಸ ಹುಟ್ಟುತ್ತಲೇ ಇರಲಿಲ್ಲ.

ಇದನ್ನು ಬರೆಯುವಾಗ ನನ್ನ ಮನಸ್ಸು ಹಿಂದಕ್ಕೆ ಹೋಗುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ನಮಗೆ ಒಬ್ಬ ಹಿರಿಯ ಸಹೋದ್ಯೋಗಿಯಿದ್ದರು. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಒಣಭೂಮಿಯಲ್ಲಿ ರೈತರು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದ ನವಣೆ, ಸಾವೆಗಳ ತಳಿಗಳನ್ನು ಮನೆಮನೆಗೆ ಹೋಗಿ ಕೇಳಿ ತಂದವರು ಅವರು. ಯಾವ ಊರು, ಯಾರ ಹೊಲ, ಎರೆಯೋ ಕೆಂಪು ಮಣ್ಣೋ, ಎಷ್ಟು ದಿನದ ಬೆಳೆ, ತೆನೆ ಬಾಗುತ್ತದೆಯೇ ಎಂಬುದನ್ನೆಲ್ಲ ದುಂಡಗಿನ ಅಕ್ಷರಗಳಲ್ಲಿ ವಹಿಗಳಲ್ಲಿ ಬರೆದಿಡುತ್ತಿದ್ದರು. ಇದನ್ನೇ ನಾವು ತಳಿಯ ಪಾಸ್‌ಪೋರ್ಟ್ ದತ್ತಾಂಶ ಎನ್ನುತ್ತಿದ್ದೆವು. ದೆಹಲಿಯ ರಾಷ್ಟ್ರೀಯ ಜೀನ್ ಬ್ಯಾಂಕಿಗೆ ಬೀಜದ ಜೊತೆ ಈ ವಿವರಗಳನ್ನು ಕಳಿಸೋಣವೆಂದು ಕೇಳಿದಾಗಲೆಲ್ಲ, ಎರಡು ತಳಿಗಳ ಹೆಸರು ಅದಲುಬದಲಾಗಿರಬಹುದೆಂಬ ಅನುಮಾನವಿದೆ, ಇನ್ನೊಂದು ಮುಂಗಾರಿನಲ್ಲಿ ಬಿತ್ತಿ ನೋಡಿ ಕಳಿಸೋಣ ಎನ್ನುತ್ತಿದ್ದರು. ಒಂದು ವರ್ಷ ಮಳೆ ಬರಲಿಲ್ಲ. ಮತ್ತೊಂದು ವರ್ಷ ಅವರಿಗೆ ಆರೋಗ್ಯ ಕೈಕೊಟ್ಟಿತು. ಅವರು ತೀರಿಕೊಂಡ ಮೇಲೆ ಕೋಣೆ ತೆರವಾಯಿತು, ವಹಿಗಳು ರದ್ದಿಗೆ ಹೋದವು, ಬಟ್ಟೆಯ ಚೀಲದಲ್ಲಿದ್ದ ಬೀಜ ಮೊಳಕೆಯ ಶಕ್ತಿ ಕಳೆದುಕೊಂಡಿತ್ತು. ಆ ರೈತರಲ್ಲಿ ಬಹಳ ಮಂದಿ ಆ ಹೊತ್ತಿಗೆ ಮೆಕ್ಕೆಜೋಳಕ್ಕೂ ಶೇಂಗಾಕ್ಕೂ ತಿರುಗಿದ್ದರಿಂದ ಮತ್ತೆ ಹೋಗಿ ಕೇಳಿದರೂ ಕೊಡಲು ಅವರ ಮನೆಯಲ್ಲಿ ಆ ಬೀಜ ಉಳಿದಿರಲಿಲ್ಲ. ಅನುಮಾನವಿದ್ದದ್ದು ಎರಡು ತಳಿಗಳ ಬಗ್ಗೆ ಮಾತ್ರ, ಹೋದದ್ದು ಎಲ್ಲವೂ. ಇದು ಇಂದಿಗೂ ನನ್ನನ್ನು ಸುಡುತ್ತದೆ. ಅವರು ಬೇಜವಾಬ್ದಾರಿಯ ಮನುಷ್ಯರಾಗಿದ್ದರೆ ಇಷ್ಟು ನೋವಾಗುತ್ತಿರಲಿಲ್ಲ. ನಿನ್ನ ಪತ್ರದ ಕೊನೆಯ ಸಾಲುಗಳಲ್ಲಿ ಅವರದೇ ಎಚ್ಚರಿಕೆ, ಅವರದೇ ದನಿ ಕೇಳಿದಂತಾಗಿ ನನಗೆ ನಿದ್ದೆ ಬರಲಿಲ್ಲ.

ಆ ಎರಡು ತಳಿಗಳ ಮುಂದೆ "ಅನುಮಾನವಿದೆ" ಎಂದು ಬರೆದು ಉಳಿದುದರ ಜೊತೆಗೇ ಕಳಿಸಬಹುದಾಗಿತ್ತು. ನಿನಗೆ ನಾನು ಹೇಳಬೇಕೆಂದಿರುವುದು ಬಹುಮಟ್ಟಿಗೆ ಇಷ್ಟೇ. ನಿನ್ನ ಭಯ ಅಕ್ಷರದ ಮೇಲೆ ನಿಂತಿದೆ. ನನ್ನ ಭಯ ಬೇರೆ ಕಡೆಗಿದೆ: ಅಕ್ಷರಗಳೆಲ್ಲ ಸರಿಯಾಗಿದ್ದೂ ವಿನ್ಯಾಸ ಸುಳ್ಳು ಹೇಳಬಹುದು. ನಿನ್ನ ಬ್ಯಾಕ್ಟೀರಿಯಾ ಎಷ್ಟು ಫ್ಲೋರೈಡ್ ಇದ್ದಾಗ ಹೊಳೆಯಲು ತೊಡಗುತ್ತದೆ? 1.5 ಮಿಲಿಗ್ರಾಮಿಗೋ, ಅಥವಾ ಅದರ ಎಷ್ಟೋ ಪಟ್ಟು ಇದ್ದಾಗಲೋ? ಪರೀಕ್ಷಿಸಿದ ನೀರು ಪ್ರಯೋಗಾಲಯದ ಶುದ್ಧ ನೀರೋ, ಅಥವಾ ನಮ್ಮ ಕಡೆಯ ಕೊಳವೆ ಬಾವಿಯ ಗಡಸು ನೀರೋ? ಯಾವ ತಳಿಯ ಇ. ಕೋಲಿ ಬ್ಯಾಕ್ಟೀರಿಯಾದಲ್ಲಿ, ಎಷ್ಟು ಉಷ್ಣತೆಯಲ್ಲಿ, ಎಷ್ಟು ಹೊತ್ತು ಬೆಳೆಸಿದ ಮೇಲೆ? ಇವು ಯಾವುವೂ ಎ, ಟಿ, ಜಿ, ಸಿ ಅಕ್ಷರಗಳ ಸಾಲಿನಲ್ಲಿ ಇರುವುದಿಲ್ಲ. ಹೊಳೆಯದಿದ್ದರೆ ನೀರು ಒಳ್ಳೆಯದೆಂದು ತಿಳಿಯುವವನು ನಿನ್ನ ತಪ್ಪು ಅಕ್ಷರದಿಂದಲ್ಲ, ನೀನು ಬರೆಯದೆ ಬಿಟ್ಟ ಒಂದು ವಾಕ್ಯದಿಂದ ಮೋಸಹೋಗುತ್ತಾನೆ. ಆದ್ದರಿಂದ ವಿವರಣೆಯ ಜಾಗದಲ್ಲಿ ಆ ವಾಕ್ಯವನ್ನು ಎಲ್ಲಕ್ಕಿಂತ ಮೊದಲು ಬರೆ: ಇದು ಸಂಶೋಧನೆಯ ವಿನ್ಯಾಸ, ಇಂಥ ಪ್ರಮಾಣದಿಂದ ಮೇಲಕ್ಕೆ ಮಾತ್ರ ಪರೀಕ್ಷಿಸಿದೆ, ಕುಡಿಯುವ ನೀರನ್ನು ತೀರ್ಮಾನಿಸಲು ಇದನ್ನು ಬಳಸಬಾರದು ಎಂದು.

ಅಂಥ ಭಂಡಾರಗಳಲ್ಲಿ ಕೆಲಸ ಮಾಡಿದವನಲ್ಲದ ನಾನು ಉಳಿದ ಸಲಹೆಗಳನ್ನು ಸಂಕೋಚದಿಂದಲೇ ಬರೆಯುತ್ತೇನೆ. ನಿನಗೆ ತಿಳಿದಿರುವುದೇ ಆದರೆ ದಾಟಿ ಓದು. ಕಡತ ಸೇರಿಸುವಾಗ ಗುರುತಿನ ಹೆಸರಿನ ಜೊತೆಗೆ ಆವೃತ್ತಿ ಸಂಖ್ಯೆ ಕೇಳುತ್ತಾರೆಂದು ನೀನೇ ಹಿಂದೊಮ್ಮೆ ಬರೆದಿದ್ದೆ. ಅದು ಏಕಿದೆಯೆಂದು ಯೋಚಿಸು. ತಪ್ಪಾಗುತ್ತದೆಂದು ತಿಳಿದವರೇ ಆ ಜಾಗವನ್ನು ಇಟ್ಟಿದ್ದಾರೆ. ಅಮೆರಿಕದ ಸೀಕ್ವೆನ್ಸ್ ಭಂಡಾರವಾದ ಜೀನ್‌ಬ್ಯಾಂಕಿನಲ್ಲೂ ಸೀಕ್ವೆನ್ಸ್ ತಿದ್ದಿದಾಗ ಸಂಖ್ಯೆಯ ಕೊನೆಯ ಅಂಕಿ 1 ಇದ್ದದ್ದು 2 ಆಗುತ್ತದೆ, ಹಳೆಯದೂ ಹುಡುಕಿದವರಿಗೆ ಸಿಗುತ್ತದೆ. ನಾಳೆ ಆ ಒಂದು ಅಕ್ಷರ ತಪ್ಪೆಂದು ಗೊತ್ತಾದರೆ ಎರಡನೆಯ ಆವೃತ್ತಿಯನ್ನು ಸೇರಿಸಿ, ಏನು ಬದಲಾಯಿತೆಂದು ಬರೆಯುವುದು ನಾಚಿಕೆಯ ಕೆಲಸವಲ್ಲ.

ಹೆಸರಿಡುವ ಬಗ್ಗೆ ಒಂದು ಮಾತು. "ಕೊನೆಯದು", "ನಿಜವಾದ ಕೊನೆಯದು" ಎಂಬಂಥ ಹೆಸರಿನ ಕಡತಗಳನ್ನು ನಿನ್ನ ಕಂಪ್ಯೂಟರಿನಲ್ಲಿ ಕಳೆದ ಯುಗಾದಿಗೆ ನೀನು ಬಂದಿದ್ದಾಗ ನೋಡಿದ್ದೆ. ಜೀನಿನ ಓದು ಆರಂಭವಾಗುವ ಪ್ರೊಮೋಟರ್, ಸ್ವಿಚ್, ಹೊಳೆಯುವ ಪ್ರೋಟೀನಿನ ಜೀನ್, ಓದು ನಿಲ್ಲುವ ಟರ್ಮಿನೇಟರ್ ಇವಿಷ್ಟನ್ನೂ ಬಿಡಿ ಭಾಗಗಳಾಗಿ ಗುರುತಿಸಿ, ಪ್ರತಿಯೊಂದರ ಪಾತ್ರವನ್ನೂ ಮೂಲವನ್ನೂ ಬರೆದು, ಆಮೇಲೆ ಅವುಗಳಿಂದ ಇಡೀ ವಿನ್ಯಾಸವನ್ನು ಜೋಡಿಸಿ ಒಂದು ಸಂಗ್ರಹದಲ್ಲಿಡಲು ಇಂಥ ವಿನ್ಯಾಸಗಳನ್ನು ಬರೆದಿಡುವ ಎಸ್‌ಬಿಒಎಲ್ ಎಂಬ ಕಡತ ರೂಪ ಅವಕಾಶ ಕೊಡುತ್ತದೆಯಲ್ಲ, ಆ ಶ್ರಮವನ್ನು ಉಳಿಸಲು ಹೋಗಬೇಡ. ಇಡೀ ಪ್ಲಾಸ್ಮಿಡ್ಡನ್ನು ಒಂದೇ ಉದ್ದನೆಯ ಸಾಲಾಗಿ ಹಾಕಿದರೆ ತಪ್ಪು ಯಾವ ಭಾಗದಲ್ಲಿದೆಯೆಂದು ನಿನಗೂ ತಿಳಿಯದು, ಓದುವವರಿಗೂ ತಿಳಿಯದು. ಭಾಗಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಂಡಿದ್ದರೆ ಒಮ್ಮೆ ಕಣ್ಣಾಡಿಸು. ಸೆಪ್ಟ್ 1, ಮಾರ್ಚ್ 1 ಎಂಬ ಜೀನುಗಳ ಹೆಸರನ್ನು ಅದು ತಾನಾಗಿ ದಿನಾಂಕವಾಗಿ ಬದಲಿಸುತ್ತಿತ್ತೆಂಬ ಕಾರಣಕ್ಕೆ 2020ರಲ್ಲಿ ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಆ ಹೆಸರುಗಳನ್ನು ಬದಲಿಸಬೇಕಾಯಿತು. ಕೈತಪ್ಪಿನಿಂದ ಆಗುವ ದೋಷಕ್ಕಿಂತ ಇಂಥ ಕಣ್ಣಿಗೆ ಕಾಣದ ದೋಷ ಹೆಚ್ಚು ಅಪಾಯದ್ದು.

ನಿನ್ನ ಹೆಸರನ್ನು ಹಾಕಲು ಹಿಂದೇಟು ಹಾಕುತ್ತಿರುವೆಯೆಂದೂ ನನಗೆ ಅನ್ನಿಸಿತು, ಏಕೆಂದರೆ "ಪ್ರಯೋಗಾಲಯದ ಹೆಸರಿನಲ್ಲಿ ಮಾತ್ರ ಹಾಕಿದರೆ ಸಾಲದೇ" ಎಂದು ಕೇಳಿದ್ದೀಯ. ಸಾಲದು. ನಮ್ಮ ಜಿಲ್ಲೆಯ ಬ್ರಹ್ಮಗಿರಿಯ ಅಶೋಕನ ಶಾಸನವನ್ನು ನೀನು ಶಾಲೆಯಲ್ಲಿದ್ದಾಗ ನಾನೇ ಕರೆದುಕೊಂಡು ಹೋಗಿ ತೋರಿಸಿದ್ದೆ. ಮಾತು ಚಕ್ರವರ್ತಿಯದಾದರೂ ಬಂಡೆಯ ಮೇಲೆ ಬರೆದವನು ಚಪಡ ಎಂಬ ಲಿಪಿಕಾರನೆಂಬುದು ಶಾಸನದ ಕೊನೆಯಲ್ಲಿದೆ. ಬ್ರಾಹ್ಮೀ ಲಿಪಿಯ ಆ ಶಾಸನದಲ್ಲಿ ತಾನು ಲಿಪಿಕಾರನೆಂಬುದನ್ನು ಮಾತ್ರ ಅವನು ವಾಯವ್ಯ ಭಾರತದ ಖರೋಷ್ಠಿಯಲ್ಲಿ ಬರೆದಿದ್ದಾನೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಅವರು ಈ ಶಾಸನಗಳನ್ನು ಬೆಳಕಿಗೆ ತಂದರು. ಹತ್ತಿರದ ಸಿದ್ದಾಪುರದಲ್ಲೂ ಜಟಿಂಗ ರಾಮೇಶ್ವರ ಬೆಟ್ಟದಲ್ಲೂ ಹೆಚ್ಚುಕಡಿಮೆ ಇದೇ ಪಾಠವಿರುವುದರಿಂದ, ಒಂದು ಕಡೆ ಸವೆದುಹೋದ ಅಕ್ಷರವನ್ನು ವಿದ್ವಾಂಸರು ಇನ್ನೊಂದು ಕಡೆಯ ಅಕ್ಷರ ನೋಡಿ ತುಂಬಿಕೊಂಡರು. ಒಂದು ಅಕ್ಷರ ಹೋದರೂ ಪಾಠ ಉಳಿದದ್ದು ಹಲವು ಪ್ರತಿಗಳಿದ್ದುದರಿಂದ. ನಿಮ್ಮ ವಿದ್ಯೆಯಲ್ಲೂ ಅಮೆರಿಕ, ಯುರೋಪ್, ಜಪಾನ್‌ಗಳ ಮೂರು ಸೀಕ್ವೆನ್ಸ್ ಭಂಡಾರಗಳು ದಿನವೂ ದತ್ತಾಂಶವನ್ನು ಪರಸ್ಪರ ಹಂಚಿಕೊಳ್ಳುತ್ತವೆ. ನಮ್ಮ ದೇಶದಲ್ಲೂ 2022ರಿಂದ ಫರೀದಾಬಾದಿನಲ್ಲಿ ಭಾರತೀಯ ಜೈವಿಕ ದತ್ತಾಂಶ ಕೇಂದ್ರವಿದೆ. ಪ್ರಶ್ನೆ ಬಂದಾಗ ಯಾರನ್ನು ಕೇಳಬೇಕೆಂಬುದು ಓದುವವನಿಗೆ ತಿಳಿಯಲಿ ಎಂಬುದಕ್ಕಾಗಿಯೇ ನಿನ್ನ ಹೆಸರು ಇರಬೇಕು.

ಇನ್ನೆರಡು ವಿಷಯಗಳನ್ನು ನಿನ್ನ ಮಾರ್ಗದರ್ಶಕರಲ್ಲಿ ಕೇಳಿಬಿಡು. ಪೇಟೆಂಟ್ ಪಡೆಯುವ ಯೋಚನೆ ಅವರಿಗಿದ್ದರೆ ಅರ್ಜಿ ಹಾಕುವ ಮೊದಲು ಸಾರ್ವಜನಿಕಗೊಳಿಸುವುದು ತೊಂದರೆ ತಂದೀತು. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ ಈ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟ ದಾಖಲೆಯೂ ಕೈಯಲ್ಲಿರಲಿ.

ಆದರೂ ನಿನ್ನ ಪ್ರಶ್ನೆ ಉಳಿಯುತ್ತದೆಂದು ನನಗೆ ಗೊತ್ತು: ಇಷ್ಟೆಲ್ಲ ಮಾಡಿದ ಮೇಲೂ ತಪ್ಪು ಉಳಿದಿದ್ದರೆ? ಉಳಿದಿರಬಹುದು, ಮಗಳೇ. ಉಳಿದಿರುವುದಿಲ್ಲವೆಂದು ನಾನು ಭರವಸೆ ಕೊಟ್ಟರೆ ಅದು ಸುಳ್ಳಾಗುತ್ತದೆ. ಯಾವುದನ್ನು ಸೀಕ್ವೆನ್ಸಿಂಗ್ ಮಾಡಿಸಿ ಹೊಂದಿಸಿ ನೋಡಿದ್ದೀಯೋ ಅದನ್ನು ಹಾಗೆಂದು ಬರೆ, ಯಾವುದನ್ನು ನೋಡಿಲ್ಲವೋ ಅದನ್ನೂ ಹಾಗೆಯೇ ಬರೆ. ನಂಬುವವನು ಎಷ್ಟು ನಂಬಬೇಕೆಂದು ತಾನೇ ತೀರ್ಮಾನಿಸಲಿ. ಸೀಕ್ವೆನ್ಸಿಂಗ್ ಫಲಿತಾಂಶ ಇನ್ನೂ ಬಂದಿಲ್ಲವೆಂದು ನೀನು ಬರೆದ ಆ ಎರಡು ವಿನ್ಯಾಸಗಳನ್ನು ಬೇಕಿದ್ದರೆ ಖಾಸಗಿಯಾಗಿಯೇ ಇಟ್ಟು, ಉಳಿದವನ್ನು ಈ ತಿಂಗಳೇ ಬಿಡುಗಡೆ ಮಾಡು. ಅದಕ್ಕೂ ಮುನ್ನ ವಿವರಣೆಯ ಭಾಗವನ್ನು ನನಗೊಮ್ಮೆ ಕಳಿಸು. ಸೀಕ್ವೆನ್ಸ್ ನನಗೆ ಅರ್ಥವಾಗದಿದ್ದರೂ, ಜಗಳೂರಿನ ನೀರು ಕುಡಿದವರ ಕಣ್ಣಿನಿಂದ ಆ ವಾಕ್ಯಗಳನ್ನು ಓದಿ, ಎಲ್ಲಿ ತಪ್ಪು ತಿಳಿವಳಿಕೆಗೆ ಎಡೆಯಿದೆಯೆಂದು ಗುರುತು ಹಾಕಿ ಕಳಿಸುತ್ತೇನೆ.

ಇಂತು ನಿನ್ನ ಶ್ರೇಯಸ್ಸನ್ನು ಬಯಸುವ
ದೊಡ್ಡಪ್ಪ