ಶೂ ಹೊಲಿದುಕೊಟ್ಟ ಕಾಕಾಗೆ

ಕಳೆದ ಸೀಸನ್ ಪೂರ್ತಿ ನಾನು ಪಿಜಿಟಿಐನ (ಭಾರತದ ವೃತ್ತಿಪರ ಗಾಲ್ಫ್ ಟೂರ್) ಕೆಳಹಂತದ ಟೂರ್‌ನಲ್ಲಿ ಆಡಿದೆ. 36 ಹೋಲ್, ಅಂದರೆ ಎರಡು ಸುತ್ತು ಆದ ಮೇಲೆ ಕಟ್ (ಮುಂದಿನ ಸುತ್ತಿಗೆ ಹೋಗಲು ಬೇಕಾದ ಸ್ಕೋರಿನ ಗಡಿ) ದಾಟದಿದ್ದರೆ ಬಹುಮಾನದ ಹಣ ಇಲ್ಲ. ರೈಲು, ರೂಮು, ಬ್ಯಾಗ್ ಹೊರುವ ಕ್ಯಾಡಿ ಎಲ್ಲ ನಮ್ಮ ಖರ್ಚೇ. ಹಾಗಾಗಿ ಬೆಂಗಳೂರಿನಿಂದ ಹೊರಟಾಗ ಇದ್ದದ್ದು ಒಂದೇ ಜೊತೆ ಶೂ.

ಅಹಮದಾಬಾದಿನಲ್ಲಿ ಮೊದಲ ದಿನ ಬೆಳಗ್ಗೆಯೇ ಬಲಗಾಲಿನ ಸೋಲ್ ಬಾಯಿ ಬಿಟ್ಟಿತು. ಟೀ ಟೈಮಿಗೆ, ಅಂದರೆ ನನ್ನ ಆಟ ಶುರುವಾಗುವ ಹೊತ್ತಿಗೆ, ಇನ್ನು ಒಂದೇ ಗಂಟೆ. ತಡವಾದರೆ ಎರಡು ಸ್ಟ್ರೋಕ್ (ಹೊಡೆತ) ದಂಡ. ಐದು ನಿಮಿಷ ದಾಟಿದರೆ ಆಟದಿಂದಲೇ ಔಟ್.

ರಸ್ತೆ ಬದಿಯಲ್ಲಿ ಚಪ್ಪಲಿ ಹೊಲಿಯುವ ಕಾಕಾ ಆಗಷ್ಟೇ ಚೀಲ ಬಿಚ್ಚುತ್ತಿದ್ದರು. ನನ್ನ ಹರಕು ಹಿಂದಿ ಅರ್ಥವಾಯಿತೋ ಇಲ್ಲವೋ, ಮುಖ ನೋಡಿದರು, ಕೈಯಲ್ಲಿದ್ದ ಕೆಲಸ ಬದಿಗಿಟ್ಟರು. ನನ್ನ ಕಾಲಿಗೆ ತಮ್ಮ ರಬ್ಬರ್ ಚಪ್ಪಲಿ ತಳ್ಳಿದರು. ಅಂಟು ಬೇಡ, ಒದ್ದೆ ಹುಲ್ಲಿನಲ್ಲಿ ನಿಲ್ಲಲ್ಲ ಅಂತ ಸುತ್ತಲೂ ಹೊಲಿಗೆ ಹಾಕಿದರು. ಆಮೇಲೆ ತಳದ ಸ್ಪೈಕ್‌ಗಳನ್ನೂ ಒಂದೊಂದಾಗಿ ತಿರುಗಿಸಿ ಬಿಗಿ ಮಾಡಿದರು. ನಾನು ಅದನ್ನು ಕೇಳಿಯೇ ಇರಲಿಲ್ಲ!

ಐನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ, ಸಂಜೆ ಕೊಡು, ಓಡು ಅಂದರು.

ಹನ್ನೆರಡು ನಿಮಿಷ ಮುಂಚೆ ಮೊದಲ ಹೊಡೆತ ಹೊಡೆಯುವ ಟೀ ಹತ್ತಿರ ನಿಂತಿದ್ದೆ. ಎರಡು ಸುತ್ತು ಮುಗಿದಾಗ ಕಟ್ ಕೂಡ ದಾಟಿದೆ, ಒಂದೇ ಸ್ಟ್ರೋಕಿನ ಅಂತರದಲ್ಲಿ. ಆ ಮೊದಲ ದಿನ ಸಂಜೆ ಹೋದರೆ ಕಾಕಾ ತೆಗೆದುಕೊಂಡದ್ದು ಅರವತ್ತು ರೂಪಾಯಿ, ಅಷ್ಟೇ. ಥ್ಯಾಂಕ್ಸ್ ಕಾಕಾ, ಹೊಲಿಗೆ ಇನ್ನೂ ಬಿಟ್ಟಿಲ್ಲ.