ಸುನ್ನತಿ ಗಾಯ ಹತ್ತು ದಿನಕ್ಕೆ ಮಾಯುತ್ತೆ ಅಂದ್ಕೊಂಡಿದ್ದೆ

ಸಂಪಾದಕರೇ,

ಫೋನ್ ತೆಗೆದ್ರೆ ಲೇಸರ್ ಸುನ್ನತಿ, ಸ್ಟೇಪ್ಲರ್ ಸುನ್ನತಿ, ಅದೇ ದಿನ ಮನೆಗೆ ಅಂತ ಜಾಹೀರಾತು. ಅದೇ ದಿನ ಮನೆಗೆ ಕಳಿಸ್ತಾರೆ ನಿಜ, ಆದ್ರೆ ಗಾಯ ಮಾಯೋ ಲೆಕ್ಕನೇ ಬೇರೆ, ಅದನ್ನ ಯಾರೂ ಬಿಡಿಸಿ ಹೇಳಲ್ಲ, ಅದಕ್ಕೇ ನಾಚಿಕೆ ಪಕ್ಕಕ್ಕಿಟ್ಟು ಬರೀತಿದೀನಿ.

ನಂಗೆ 48 ವರ್ಷ, ಪೀಣ್ಯದಲ್ಲಿ ಕೆಲಸ. ಮುಂದೊಗಲು ಬಿಗಿಯಾಗಿ ಹಿಂದಕ್ಕೆ ಸರೀತಿರ್ಲಿಲ್ಲ, ಪದೇ ಪದೇ ಸೀಳ್ತಿತ್ತು, ಉರಿ. ಡಾಕ್ಟರ್ ಇದಕ್ಕೆ ಫೈಮೋಸಿಸ್ ಅಂತಾರೆ, ಸುನ್ನತಿ ಆಪರೇಷನ್ ಮಾಡಿಸ್ಕೊಳಿ ಅಂದ್ರು. ಜೊತೆ ಕೆಲಸ ಮಾಡೋ ಮುಸ್ಲಿಂ ಗೆಳೆಯನ ಮಗನಿಗೆ ಹತ್ತು ದಿನದಲ್ಲಿ ವಾಸಿಯಾಗಿತ್ತು, ನಂಗೂ ಅಷ್ಟೇ ಅಂದ್ಕೊಂಡು ಹತ್ತೇ ದಿನ ರಜ ಹಾಕಿದೆ. ಹನ್ನೊಂದನೇ ದಿನ ಬೈಕ್ ಹತ್ತಿ ಸುಂಕದಕಟ್ಟೆಯಿಂದ ಹೊರಟೆ, ಮಾರನೇ ದಿನ ಹೊಲಿಗೆ ಬಿಟ್ಟು ಕೀವು, ವಾಸನೆ, ಜ್ವರ.

ಇನ್ನೊಬ್ಬ ಡಾಕ್ಟರ್ ಹತ್ರ ಹೋದಾಗ ಮೊದಲು ಎಚ್‌ಬಿಎ1ಸಿ, ಅಂದ್ರೆ ಎರಡು-ಮೂರು ತಿಂಗಳ ಸರಾಸರಿ ಶುಗರ್ ತೋರಿಸೋ ರಕ್ತ ಪರೀಕ್ಷೆ, ಮಾಡಿಸಿದ್ರು, 9.8 ಬಂತು, ತುಂಬಾ ಜಾಸ್ತಿ. ನಂಗೆ ಶುಗರ್ ಇದೆ ಅಂತಾನೇ ಗೊತ್ತಿರ್ಲಿಲ್ಲ! ಈ ವಯಸ್ಸಲ್ಲಿ ಮುಂದೊಗಲು ಹೊಸದಾಗಿ ಬಿಗಿಯಾಗಿ ಸೀಳೋದೇ ಎಷ್ಟೋ ಸಲ ಶುಗರ್‌ನ ಮೊದಲ ಸುಳಿವಂತೆ, ಆಪರೇಷನ್ ಮಾಡಿದವರು ಒಂದು ರಕ್ತ ಪರೀಕ್ಷೆನೂ ಬರೆದಿರ್ಲಿಲ್ಲ. ಶುಗರ್ ಜಾಸ್ತಿ ಇದ್ರೆ ಸಣ್ಣ ರಕ್ತನಾಳಗಳು ಕೆಟ್ಟಿರ್ತವೆ, ಬಿಳಿ ರಕ್ತಕಣ ಸರಿಯಾಗಿ ಕೆಲಸ ಮಾಡಲ್ಲ, ಗಾಯ ಕೂಡೋದು ನಿಧಾನ, ಸೋಂಕು ಮಾತ್ರ ಬೇಗ ಹತ್ಕೊಳುತ್ತೆ. ಅದ್ರ ಮೇಲೆ ನಾನು ದಿನಕ್ಕೆ ಎಂಟು ಸಿಗರೇಟ್ ಎಳೀತಿದ್ದೆ, ನಿಕೋಟಿನ್ ರಕ್ತನಾಳನ ಕುಗ್ಗಿಸುತ್ತೆ, ಗಾಯಕ್ಕೆ ಆಮ್ಲಜನಕ ಸಿಗಲ್ಲ, ಅದನ್ನೂ ಮುಂಚೆ ಯಾರೂ ಕೇಳಿರ್ಲಿಲ್ಲ.

ಇನ್ನೊಂದು ವಿಷಯ ಹೇಳೋಕೆ ಮುಜುಗರ ಆದ್ರೂ ಹೇಳ್ತೀನಿ. ದೊಡ್ಡೋರಿಗೆ ರಾತ್ರಿ ನಿದ್ದೇಲಿ ತಾನಾಗೇ ನಿಮಿರುತ್ತೆ, ಅದು ಹೊಲಿಗೇನ ಜಗ್ಗುತ್ತೆ. ಮಲಗೋ ಮುಂಚೆ ಮೂತ್ರ ಮಾಡಿ, ಮಂಡಿ ಮಡಚಿ ಮಗ್ಗುಲಾಗಿ ಮಲ್ಕೊಳಿ ಅಂತ ಎರಡನೇ ಡಾಕ್ಟರ್ ಹೇಳಿದ್ರು, ತುಂಬಾ ಉಪಯೋಗ ಆಯ್ತು. ಹೆಂಡ್ತಿ ಜೊತೆ ಸೇರೋಕೆ ಕಡಿಮೆ ಅಂದ್ರೂ ಆರು ವಾರ ಕಾಯ್ಬೇಕು, ವಿಶ್ವ ಆರೋಗ್ಯ ಸಂಸ್ಥೆ ಹೇಳೋದೂ ಅಷ್ಟೇ, ಮೇಲಿಂದ ನೋಡೋಕೆ ಚೆನ್ನಾಗಿ ಕಂಡ್ರೂ ಒಳಗೆ ಇನ್ನೂ ಹಸಿ ಇರುತ್ತೆ, ಎಚ್‌ಐವಿಯಂಥ ಸೋಂಕು ಆ ಹಸಿ ಗಾಯದಿಂದ ಸುಲಭವಾಗಿ ಒಳಗೆ ಹೋಗುತ್ತೆ.

ಅರಿಶಿನ, ಕೊಬ್ಬರಿ ಎಣ್ಣೆ, ಮೆಡಿಕಲ್ ಸ್ಟೋರ್‌ನವರು ಕೊಟ್ಟ ಮುಲಾಮು ಅಂತ ಮನೇಲಿ ಬಳಿಯೋರಿದ್ದಾರೆ, ನಾನೂ ಬಳಿದೆ, ದಯವಿಟ್ಟು ಬೇಡ. ತೆಳ್ಳಗೆ ಹಳದಿ ಪೊರೆ ಕಂಡ್ರೆ ಅದೆಲ್ಲಾ ಕೀವಲ್ಲ, ಗಾಯ ಮಾಯುವಾಗ ಬರೋದೇ, ಕೆರೆದು ತೆಗೀಬೇಡಿ. ಕೆಂಪು ಹರಡ್ತಾ ಹೋದ್ರೆ, ಕೆಟ್ಟ ವಾಸನೆ ಬಂದ್ರೆ, ಒತ್ತಿ ಹಿಡಿದ್ರೂ ರಕ್ತ ನಿಲ್ಲದಿದ್ರೆ, ಮೂತ್ರ ಕಟ್ಟಿದ್ರೆ ಮಾತ್ರ ಅವತ್ತೇ ಓಡಿ.

ನನ್ನ ಗಾಯ ಪೂರ್ತಿ ಕೂಡೋಕೆ ಎರಡೂವರೆ ತಿಂಗಳಾಯ್ತು, ಅದೂ ಶುಗರ್ ಹತೋಟಿಗೆ ಬಂದು ಸಿಗರೇಟ್ ಬಿಟ್ಟ ಮೇಲೆ. ಈ ಆಪರೇಷನ್ ಮಾಡೋ ಎಲ್ಲಾ ಕ್ಲಿನಿಕ್‌ನವರಲ್ಲಿ ನನ್ನ ಕೋರಿಕೆ ಇಷ್ಟೇ, ದೊಡ್ಡೋರು ಬಂದ್ರೆ ಮೊದಲು ಶುಗರ್ ನೋಡಿ, ಸಿಗರೇಟ್ ವಿಷಯ ಕೇಳಿ, ಮನೆಗೆ ಕಳಿಸುವಾಗ ಇದನ್ನೆಲ್ಲಾ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಚೀಟಿ ಕೈಗೆ ಕೊಡಿ.

ಒಬ್ಬ ಓದುಗ, ಸುಂಕದಕಟ್ಟೆ, ಬೆಂಗಳೂರು